ಮೈಗೆ ತಕ್ಕ ಸ್ಟಾಕೋ, ಸ್ಟಾಕಿಗೆ ತಕ್ಕ ಮೈಯೋ

ರೈಫಲ್ ಶೂಟಿಂಗ್ ಕಲಿಯುತ್ತಿದ್ದ ಹೊಸದರಲ್ಲಿ ನಾನು ಒಂದೇ ಒಂದು ಸಲ ಸ್ಟಾಕಿನ (ಬ್ಯಾರಲನ್ನು ಹೊತ್ತು, ಭುಜಕ್ಕೂ ಕೆನ್ನೆಗೂ ತಾಗುವ ರೈಫಲ್ಲಿನ ಭಾಗ) ಬಗ್ಗೆ ದೂರಿದ್ದೆ. "ಕೆನ್ನೆ ಸರಿಯಾಗಿ ಕೂರ್ತಾ ಇಲ್ಲ ಸರ್" ಅಂದೆ. ಕೋಚ್ ಕೈಯಲ್ಲಿದ್ದ ಟಾರ್ಗೆಟ್ ಕಾಗದದಿಂದ ತಲೆ ಎತ್ತಲೇ ಇಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಲಗು, ಇನ್ನೂ ಹತ್ತು ಹೊಡಿ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ರೈಫಲ್ ಕ್ಲಬ್ಬಿನದು. ಹಳೆಯ ಆನ್‌ಶುಟ್ಸ್, .22 ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಹಿಂದೆ ಮುಂದೆ ಮಾಡುವಂಥದ್ದು. ನಮ್ಮ ಬ್ಯಾಚಿನ ಐದಾರು ಜನ ಅದರಲ್ಲೇ ಹೊಡೆಯುತ್ತಿದ್ದೆವು. ಆರಡಿ ಹುಡುಗನಿಗೂ ಅದೇ, ಐದಡಿ ಹುಡುಗಿಗೂ ಅದೇ. ಭುಜಕ್ಕೆ ಒರಗುವ ಬಟ್ ಪ್ಲೇಟ್ ಹಿಂದೆ ಮುಂದೆ ಸರಿಸುವ ಸ್ಕ್ರೂ ಇತ್ತು. ಆದರೆ ಒಬ್ಬೊಬ್ಬರಿಗೂ ಒಂದೊಂದು ಸಲ ಸರಿಸುತ್ತಾ ಕೂತರೆ ಗುಂಡು ಹೊಡೆಯುವುದು ಯಾವಾಗ? ಹಾಗಾಗಿ ನಾವೇ ರೈಫಲ್ಲಿಗೆ ಒಗ್ಗಿಕೊಂಡೆವು. ಕತ್ತು ಉದ್ದ ಮಾಡಿದೆವು, ಭುಜ ಮುಂದೆ ತಂದೆವು, ಮೊಣಕೈ ಒಳಗೆ ಎಳೆದುಕೊಂಡೆವು.

ಈಗ ನಾನಿರುವುದು ಕರ್ನಾಟಕದಿಂದ ಬಲು ದೂರ. ಇಲ್ಲಿನ ರೇಂಜಿನಲ್ಲಿ ಮೊದಲ ದಿನವೇ ಬೇರೆ ನಡವಳಿಕೆ ಕಂಡೆ. ಪಕ್ಕದ ಲೇನಿನವನ ಎರಡು ಗುಂಡು ಆಚೀಚೆ ಹೋದವು. ಅವನು ಮೈ ಸರಿಮಾಡಿಕೊಳ್ಳಲಿಲ್ಲ, ಜೇಬಿನಿಂದ ಅಲೆನ್ ಕೀ ತೆಗೆದ. ಕೆನ್ನೆ ಊರುವ ಚೀಕ್ ಪೀಸ್ ಒಂದು ಚೂರು ಏರಿಸಿದ, ಬಟ್ ಪ್ಲೇಟ್ ಒಂದು ಗೀಟು ಇಳಿಸಿದ, ಮತ್ತೆ ಮಲಗಿದ. ಕೆಲವು ತಿಂಗಳು ಬಿಟ್ಟು ನೋಡಿದರೆ ಸ್ಟಾಕೇ ಬೇರೆ! ಅಲ್ಲಿ ಮೈ ಬಗ್ಗಿಸುತ್ತಿದ್ದೆವು, ಇಲ್ಲಿ ಸ್ಟಾಕ್ ಬಗ್ಗಿಸುತ್ತಾರೆ.

ಎರಡೂ ಬಗೆಯಲ್ಲಿ ಸಾಕಷ್ಟು ಗುಂಡು ಸುಟ್ಟ ಮೇಲೆ ನನ್ನ ಅನಿಸಿಕೆ ಇಷ್ಟು. ಸ್ಟಾಕ್ ಮೈಯ ಅಳತೆಗೆ ಇರಬೇಕು ಅನ್ನುವುದರಲ್ಲಿ ಇಲ್ಲಿನವರು ಸರಿ. ಆದರೆ ಆ ಅಳತೆ ಏನು ಅಂತ ಗೊತ್ತಾಗುವ ಮೊದಲು ಸ್ಟಾಕಿಗೆ ಕೈ ಹಾಕಬೇಡ ಅನ್ನುವುದರಲ್ಲಿ ನಮ್ಮ ಕೋಚ್ ಸರಿ. ಇದನ್ನು ಧೈರ್ಯವಾಗಿ ಹೇಳಬಲ್ಲೆ. ಯಾಕೆಂದರೆ ಇದು ಗೊತ್ತಾಗುವ ಹೊತ್ತಿಗೆ ನಾನು ಎರಡು ಸ್ಟಾಕ್ ಕೊಂಡಾಗಿತ್ತು.

ನನ್ನದು ರೆಮಿಂಗ್ಟನ್ 700 ಆ್ಯಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ), .308, ದಪ್ಪ ಬ್ಯಾರಲ್. 1962ರಲ್ಲಿ ಬಂದ ಈ ಆ್ಯಕ್ಷನ್ನಿಗೆ ಸಿಗುವಷ್ಟು ಸ್ಟಾಕ್ ಬೇರೆ ಯಾವುದಕ್ಕೂ ಸಿಗುವುದು ಅನುಮಾನ. ಅದೇ ಅನುಕೂಲ, ಅದೇ ತಲೆನೋವು. ರೈಫಲ್ ಜೊತೆ ಬಂದದ್ದು ತೆಳು ಪ್ಲಾಸ್ಟಿಕ್ ಸ್ಟಾಕ್. ಸ್ಲಿಂಗ್ (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಬಿಗಿದು ಮಲಗಿದರೆ ಮುಂಭಾಗ ಬಾಗಿ ಬ್ಯಾರಲಿಗೆ ತಾಗುತ್ತಿತ್ತು. ಸ್ಲಿಂಗ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಗುಂಡು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಇದನ್ನು ಕಂಡುಹಿಡಿಯುವುದು ಸುಲಭ. ಸ್ಟಾಕಿಗೂ ಬ್ಯಾರಲಿಗೂ ನಡುವೆ ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆಯುತ್ತಾ ಹೋಗಿ. ರೈಫಲ್ ಸುಮ್ನೆ ಮೇಜಿನ ಮೇಲಿದ್ದಾಗ ಪಟ್ಟಿ ಸಲೀಸಾಗಿ ಓಡುತ್ತದೆ. ನಿಜವಾಗಿ ಹೊಡೆಯುವಾಗಿನಷ್ಟೇ ಭಾರ ಮುಂದೆ ಬಿಟ್ಟಾಗಲೂ ಓಡುತ್ತಾ? ನನ್ನದು ಓಡಲಿಲ್ಲ. ಇಂಥ ಕಡೆ ನೆಲ ನಿಜವಾಗಿಯೂ ಡೊಂಕು. ಸ್ಟಾಕ್ ಬದಲಾಯಿಸಲೇಬೇಕು.

ಮೊದಲು ಕೊಂಡದ್ದು ಅಲ್ಯೂಮಿನಿಯಂ ಚಾಸಿಸ್, ಅಂದರೆ ಲೋಹದ ಚೌಕಟ್ಟಿನ ಸ್ಟಾಕ್. ಯಾಕೆ ಅಂದರೆ ಎಲ್ಲರ ಹತ್ತಿರವೂ ಅದೇ ಇತ್ತು. ಚಾಸಿಸ್ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಹೆಸರುವಾಸಿ ಮಾಡಿದವರಲ್ಲಿ ಒಬ್ಬ ಗುರಿಕಾರನೇ. ಬ್ರಿಟನ್ನಿನ ಮಾಲ್ಕಮ್ ಕೂಪರ್ 1984ರ ಲಾಸ್ ಏಂಜಲೀಸ್ ಮತ್ತು 1988ರ ಸೋಲ್ ಒಲಿಂಪಿಕ್ಸ್ ಎರಡರಲ್ಲೂ 50 ಮೀಟರ್ ಮೂರು ಭಂಗಿಯ ಚಿನ್ನ ಗೆದ್ದವರು. ಅವರು ಸೇರಿ ಕಟ್ಟಿದ ಅಕ್ಯುರಸಿ ಇಂಟರ್‌ನ್ಯಾಷನಲ್ ಕಂಪನಿಯ ರೈಫಲ್ 1980ರ ದಶಕದಲ್ಲಿ ಬ್ರಿಟಿಷ್ ಸೇನೆಗೆ ಹೋಯಿತು. ಒಳಗೆ ಅಲ್ಯೂಮಿನಿಯಂ ಬೆನ್ನೆಲುಬು, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಮಳೆ ಬಂದರೂ ಬಿಸಿಲು ಬಂದರೂ ಅದು ಊದುವುದಿಲ್ಲ, ಸೊಟ್ಟಗಾಗುವುದಿಲ್ಲ. ಆ್ಯಕ್ಷನ್ ಕೂರಿಸಿ ಎರಡು ಸ್ಕ್ರೂ ಬಿಗಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ನನ್ನ ಎಡವಟ್ಟು ಬೇರೆ ಕಡೆ ಇತ್ತು. ನಾನು ಹೊಡೆಯುವುದು ಸ್ಲಿಂಗ್ ಹಾಕಿ, ಮಲಗಿ. ನಾನು ತಂದ ಚಾಸಿಸ್ ಆಗಿದ್ದುದು ಅಡೆತಡೆಗಳ ಮೇಲೆ ರೈಫಲ್ ಇಟ್ಟು ಹೊಡೆಯುವವರಿಗೆ. ಮುಂಭಾಗ ಚೌಕಾಕಾರ, ಅಗಲ, ಕೆಳಗೆ ಚಪ್ಪಟೆ. ಮರಳು ಚೀಲದ ಮೇಲೆ ಕಲ್ಲು ಕೂತ ಹಾಗೆ ಕೂರುತ್ತದೆ. ಆದರೆ ಬರೀ ಅಂಗೈ ಮೇಲೆ ಹೊತ್ತರೆ ಅಂಚು ಹೆಬ್ಬೆರಳಿನ ಬುಡಕ್ಕೆ ಕೊರೆಯುತ್ತದೆ. ಇಪ್ಪತ್ತನೇ ಗುಂಡಿನ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತಿತ್ತು. ಚಳಿಯ ಬೆಳಗಲ್ಲಿ ಆ ಲೋಹ ಮುಟ್ಟುವುದು ಇನ್ನೊಂದು ಕಥೆ.

ಹಾಗಾಗಿ ಮರವೋ ಲೋಹವೋ ಅನ್ನುವುದು ನಿಜಕ್ಕೂ ಎರಡನೇ ಪ್ರಶ್ನೆ. ಹೇಗೆ ಹೊಡೆಯುತ್ತೀರಿ ಅನ್ನುವುದು ಮೊದಲನೆಯದು. ಸ್ಲಿಂಗ್ ಹಾಕುವವರಿಗೆ ಮುಂಭಾಗ ಉದ್ದ ಬೇಕು, ಅಂಗೈಗೆ ದುಂಡಾಗಿ ಸಿಗಬೇಕು, ಕೈ ಮುಂದೆ ಜಾರದಂತೆ ತಡೆಯುವ ಹ್ಯಾಂಡ್ ಸ್ಟಾಪ್ ಸರಿಸಲು ಕೆಳಗೆ ರೈಲ್ ಇರಬೇಕು. ಎಫ್-ಕ್ಲಾಸ್ ಅನ್ನುವ ದೂರದ ಗುರಿಯ ಪಂದ್ಯದಲ್ಲಿ ರೆಸ್ಟ್ (ಆಸರೆ) ಮೇಲಿಟ್ಟು ಹೊಡೆಯುವವರಿಗೆ ಅಗಲವಾದ ಮುಂಭಾಗ ಬೇಕು. ಅಲ್ಲೂ ಲೆಕ್ಕ ಇದೆ: ಅದರ ಎಫ್-ಓಪನ್ ವಿಭಾಗದಲ್ಲಿ ಅಗಲ 76 ಮಿಲಿಮೀಟರ್ ದಾಟುವಂತಿಲ್ಲ, ತೂಕ 10 ಕಿಲೋ ಮೀರುವಂತಿಲ್ಲ. ಎಫ್-ಟಿಆರ್ ವಿಭಾಗದಲ್ಲಿ ಬೈಪಾಡ್ (ಎರಡು ಕಾಲಿನ ಆಸರೆ) ಸೇರಿ 8.25 ಕಿಲೋ. ಭಾರೀ ಸ್ಟಾಕ್ ಕೊಂಡು, ಸ್ಕೋಪ್ ಏರಿಸಿ, ಪಂದ್ಯದ ದಿನ ತಕ್ಕಡಿ ಮುಂದೆ ನಿಂತು ಬೆವರುವವರನ್ನು ನೋಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ ಅಲ್ವಾ?

ರೆಸ್ಟ್ ಮೇಲಿಟ್ಟು ಹೊಡೆಯುವವರು ಬಟ್ಟಿನ, ಅಂದರೆ ಸ್ಟಾಕಿನ ಹಿಂಭಾಗದ, ಕೆಳಗಿನ ಗೆರೆಯನ್ನೂ ನೋಡಬೇಕು. ಅದು ಬ್ಯಾರಲಿಗೆ ಸಮಾನಾಂತರವಾಗಿದ್ದರೆ ರೈಫಲ್ ಒದ್ದಾಗ ಚೀಲದ ಮೇಲೆ ನೇರ ಹಿಂದಕ್ಕೆ ಜಾರುತ್ತದೆ. ಬೇಟೆ ರೈಫಲ್ಲಿನ ಹಾಗೆ ಇಳಿಜಾರಾಗಿದ್ದರೆ, ಹಿಂದೆ ಜಾರಿದಷ್ಟೂ ಹಿಂಭಾಗ ಇಳಿದು ಗುರಿ ಕದಲುತ್ತದೆ.

ಎರಡನೆಯ ಸ್ಟಾಕಿನ ಕಥೆ ಚಿಕ್ಕದು. ಮಾರಿದವರು ನನ್ನ ಆ್ಯಕ್ಷನ್ನಿಗೆ ಸರಿ ಅಂದಿದ್ದರು. ಆ್ಯಕ್ಷನ್ ಸರಿಯಾಗೇ ಕೂತಿತು. ಬ್ಯಾರಲ್ ಕೂರಲಿಲ್ಲ, ಕಾಲುವೆ ಸಪೂರದ್ದು. ಬೋಲ್ಟ್ ಹಿಡಿ ಇಳಿಯುವ ಕಚ್ಚು ಕೂಡ ಸಾಲದೆ, ಹಿಡಿ ಮರಕ್ಕೆ ತಾಗಿ ನಿಲ್ಲುತ್ತಿತ್ತು. ಬೋಲ್ಟ್ ಪೂರ್ತಿ ಇಳಿಯದ ರೈಫಲ್ಲಿನಲ್ಲಿ ಗುಂಡು ಹೊಡೆಯುವ ಮಾತೇ ಇಲ್ಲ. ವಾಪಸ್ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ತಪ್ಪು ನನ್ನದೂ ಇತ್ತು ಅನ್ನಿ. ಆ್ಯಕ್ಷನ್ ಗಿಡ್ಡದೋ ಉದ್ದದೋ, ಬ್ಯಾರಲ್ ಎಷ್ಟು ದಪ್ಪ, ಮ್ಯಾಗಝಿನ್ ಕಳಚುವಂಥದ್ದೋ ಒಳಗೇ ಇರುವಂಥದ್ದೋ, ಹಿಡಿ ಬಲಕ್ಕೋ ಎಡಕ್ಕೋ: ಈ ನಾಲ್ಕನ್ನೂ ಬರೆದು ಕೇಳಬೇಕಿತ್ತು. ನಾನು ಒಂದನ್ನು ಕೇಳಿದ್ದೆ.

ಆಮೇಲೆ ಬುದ್ಧಿ ಬಂತು. ಮೂರನೆಯದನ್ನು ಕೊಳ್ಳುವ ಮೊದಲು, ಮೂಲೆ ಸೇರಿದ್ದ ಆ ಪ್ಲಾಸ್ಟಿಕ್ ಸ್ಟಾಕನ್ನೇ ತೆಗೆದು ಹಾಕಿದೆ. ಒಂದು ಹಳೇ ಟವೆಲ್, ರಟ್ಟು, ಅಗಲವಾದ ಟೇಪ್ ತಂದೆ. ಬೋಲ್ಟ್ ಕಳಚಿ ಬದಿಗಿಟ್ಟು ನೆಲದ ಮೇಲೆ ಮಲಗಿದೆ. ಕಣ್ಣು ಮುಚ್ಚಿಕೊಂಡು, ಹಾಸಿಗೆಯಲ್ಲಿ ದಿಂಬಿನ ಮೇಲೆ ತಲೆ ಇಡುವ ಹಾಗೆ ಕೆನ್ನೆಯನ್ನು ಪೂರ್ತಿ ಭಾರ ಬಿಟ್ಟು ಇಟ್ಟೆ. ಆಮೇಲೆ ಕಣ್ಣು ಬಿಟ್ಟೆ. ಸ್ಕೋಪಿನಲ್ಲಿ ಅಮಾವಾಸ್ಯೆಗೆ ಹತ್ತಿರದ ಚಂದ್ರನ ಹಾಗೆ ಒಂದು ಕಡೆ ಕಪ್ಪು ನೆರಳು. ಕೆನ್ನೆ ತೀರಾ ಕೆಳಗಿದೆ ಅಂತ ಅರ್ಥ. ಟವೆಲ್ ಇನ್ನೊಂದು ಮಡಿಕೆ ಹಾಕಿ ಟೇಪ್ ಸುತ್ತಿದೆ. ಮತ್ತೆ ಕಣ್ಣು ಮುಚ್ಚಿದೆ, ಮತ್ತೆ ತೆರೆದೆ. ಹೀಗೆ ಒಂದು ಸಂಜೆ ಪೂರ್ತಿ. ನೋಡಿದವರಿಗೆ ಹುಚ್ಚು ಅನಿಸುತ್ತಿತ್ತೇನೋ. ಕೊನೆಗೆ ಕಣ್ಣು ಬಿಟ್ಟಾಗ ಸ್ಕೋಪ್ ಪೂರ್ತಿ ಬೆಳಕಾಗಿ ಕಾಣುವ ಜಾಗ ಸಿಕ್ಕಿತು. ಅಳೆದರೆ ಮೊದಲಿಗಿಂತ 14 ಮಿಲಿಮೀಟರ್ ಮೇಲೆ.

ಆ 14 ಮಿಲಿಮೀಟರನ್ನು ಇಷ್ಟು ವರ್ಷ ನಾನು ಕತ್ತಿನಿಂದ ತುಂಬಿಸುತ್ತಿದ್ದೆ! ಕತ್ತಿನ ಸ್ನಾಯು ಬಿಗಿದಿದ್ದರೆ ಹದಿನೈದನೇ ಗುಂಡಿಗೆ ಕಣ್ಣು ಮಂಜಾಗುತ್ತದೆ, ಕೆನ್ನೆ ಒಂದೊಂದು ಸಲ ಒಂದೊಂದು ಕಡೆ ಕೂರುತ್ತದೆ.

ಉದ್ದವನ್ನೂ ಹಾಗೇ ಅಳೆದೆ. ಟ್ರಿಗರ್‌ನಿಂದ ಬಟ್ ಪ್ಲೇಟಿನ ನಡುವಿನವರೆಗೆ ಎಷ್ಟು ಅನ್ನುವುದು ಲೆಕ್ಕ. ಕಾರ್ಖಾನೆಯಿಂದ ಬರುವ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 34 ಸೆಂಟಿಮೀಟರ್ ಆಸುಪಾಸು. ಅಂಗಡಿಯಲ್ಲಿ ನಿಂತುಕೊಂಡು ಎತ್ತಿ ನೋಡಿ "ಸರಿಯಾಗಿದೆ" ಅನ್ನುವುದರಲ್ಲಿ ಅರ್ಥವಿಲ್ಲ. ಮಲಗಿದಾಗ, ನಿಂತಾಗ, ಮಂಡಿಯೂರಿದಾಗ ಭುಜ ಬೇರೆ ಬೇರೆ ಕಡೆ ಬರುತ್ತದೆ. ಶೂಟಿಂಗ್ ಜಾಕೆಟ್ ಹಾಕಿದರೆ ಇನ್ನೂ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಪಂದ್ಯ ನೋಡಿದ್ದರೆ ನೆನಪಿರಬಹುದು. ಮಂಡಿಯೂರಿ, ಮಲಗಿ, ನಿಂತು, ಮೂರೂ ಭಂಗಿ ಒಂದೇ ರೈಫಲ್ಲಿನಲ್ಲಿ. ಭಂಗಿ ಬದಲಾಗುವ ನಡುವೆ ಶೂಟರ್‌ಗಳು ಬಟ್ ಪ್ಲೇಟ್, ಚೀಕ್ ಪೀಸ್ ಎಲ್ಲ ಸರಿಸಿಕೊಳ್ಳುತ್ತಾರೆ. ಎಷ್ಟು ಗೀಟು ಅಂತ ಅವರಿಗೆ ಮೊದಲೇ ಗೊತ್ತು. ಅದು ಗೊತ್ತಾಗಬೇಕಾದರೆ ಸಾವಿರಾರು ಗುಂಡು ಹೊಡೆದು, ಮೈ ಏನು ಕೇಳುತ್ತಿದೆ ಅಂತ ಆಲಿಸಿರಬೇಕು.

ಇಲ್ಲಿನವರ ಜೊತೆ ನನ್ನ ಜಗಳ ಇರುವುದೂ ಇಲ್ಲೇ. ಹೊಸಬನ ಕೈಗೆ ಮೊದಲ ತಿಂಗಳೇ ಹನ್ನೆರಡು ಕಡೆ ತಿರುಗಿಸಬಹುದಾದ ಸ್ಟಾಕ್ ಕೊಡುತ್ತಾರೆ. ಪಾಪ, ಅವನ ಮೈಯೇ ಇನ್ನೂ ಒಂದು ಕಡೆ ನಿಂತಿರುವುದಿಲ್ಲ. ಇವತ್ತು ಏರಿಸುತ್ತಾನೆ, ನಾಳೆ ಇಳಿಸುತ್ತಾನೆ. ಎಡಕ್ಕೆ ಹೋದ ಗುಂಡಿಗೆ ಕಾರಣ ಟ್ರಿಗರ್ ಎಳೆದ ಬೆರಳೋ ನಿನ್ನೆ ತಿರುಗಿಸಿದ ಸ್ಕ್ರೂವೋ ಯಾರಿಗೆ ಗೊತ್ತು? ಕ್ಲಬ್ಬಿನ ಆ ಹಠಮಾರಿ ಸ್ಟಾಕ್ ಈ ಒಂದು ವಿಚಾರದಲ್ಲಿ ಉಪಕಾರಿ. ಅದು ಬದಲಾಗುತ್ತಿರಲಿಲ್ಲ, ಹಾಗಾಗಿ ತಪ್ಪು ಎಲ್ಲಿದೆ ಅಂತ ಹುಡುಕಲು ಒಂದೇ ಜಾಗ ಉಳಿಯುತ್ತಿತ್ತು.

ಮೂರನೆಯದು ಲ್ಯಾಮಿನೇಟ್ ಮರ. ತೆಳು ಪದರಗಳನ್ನು ಅಂಟಿಸಿ ಒತ್ತಿ ಮಾಡಿದ್ದು, ಇಡೀ ಮರದಷ್ಟು ಸೊಟ್ಟಗಾಗುವುದಿಲ್ಲ, ತೂಕ ಜಾಸ್ತಿ. ಗುರಿ ರೈಫಲ್ಲಿಗೆ ತೂಕ ಒಳ್ಳೆಯದೇ. ಫೈಬರ್‌ಗ್ಲಾಸ್ ಕೂಡ ಚೆನ್ನ, ಕಾರ್ಬನ್ ಫೈಬರ್ ಇನ್ನೂ ಹಗುರ. ನನಗೆ ಕೆನ್ನೆಗೆ ಮರವೇ ಹಿತ, ಅದಕ್ಕೆ ಬೇರೆ ಕಾರಣ ಕೊಡಲಾರೆ.

ಮರ ತಂದರೆ ಬೆಡ್ಡಿಂಗ್ ಮಾಡಲೇಬೇಕು. ಚಾಸಿಸ್ಸಿನವರಿಗೆ ಈ ರಗಳೆ ಅಷ್ಟಾಗಿ ಇಲ್ಲ. ಸ್ಕ್ರೂ ಹಾದುಹೋಗುವ ಕಡೆ ಅಲ್ಯೂಮಿನಿಯಂ ಪಿಲ್ಲರ್ ಕೂರಿಸಿ, ಆ್ಯಕ್ಷನ್ನಿನ ಅಡಿಗೆ ಎಪಾಕ್ಸಿ ತುಂಬಿಸಿ, ಲೋಹಕ್ಕೆ ಅಂಟದ ಹಾಗೆ ಮೇಣ ಬಳಿದು ಕೂರಿಸುವ ಕೆಲಸ. ರೈಫಲ್ಲಿನ ಒದೆತವನ್ನು ಸ್ಟಾಕಿಗೆ ದಾಟಿಸುವ ರಿಕಾಯ್ಲ್ ಲಗ್‌ನ ಹಿಂಬದಿ ಮಾತ್ರ ಎಪಾಕ್ಸಿಗೆ ಒತ್ತಿ ಕೂರಬೇಕು. ಮುಂದೆ, ಪಕ್ಕ, ಕೆಳಗೆ ಟೇಪ್ ಹಚ್ಚಿ ಕೂದಲೆಳೆಯಷ್ಟು ಜಾಗ ಬಿಡಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ. ಮೇಣ ಎಲ್ಲಾದರೂ ತಪ್ಪಿದ್ದರೆ ರೈಫಲ್ಲೂ ಸ್ಟಾಕೂ ಜನ್ಮಕ್ಕೆ ಅಂಟಿಕೊಂಡವು ಅಂತಲೇ ಲೆಕ್ಕ. ಮರುದಿನ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟಕ್ ಅಂತ ಬಿಟ್ಟುಕೊಂಡಿತು. ಅಷ್ಟು ಚೆಂದದ ಸದ್ದು ನಾನು ಕೇಳಿದ್ದು ಕಮ್ಮಿ.

ಕೂರಿಸಿದ್ದು ಸರಿಯಾಗಿದೆಯಾ ಅಂತ ನೋಡಲು ಬೆರಳು ಸಾಕು. ರೈಫಲನ್ನು ಬಟ್ ಮೇಲೆ ನೆಟ್ಟಗೆ ನಿಲ್ಲಿಸಿ, ಆ್ಯಕ್ಷನ್ ತನ್ನ ಭಾರಕ್ಕೇ ಲಗ್ ಮೇಲೆ ಕೂರಲಿ. ಮುಂದಿನ ಸ್ಕ್ರೂ ಬಿಗಿದು ಆಮೇಲೆ ಹಿಂದಿನದು. ಎಷ್ಟು ಬಿಗಿಯಬೇಕು ಅನ್ನುವುದು ಸ್ಟಾಕ್ ಮಾಡಿದವರ ಕಾಗದದಲ್ಲಿ ಇರುತ್ತದೆ. ಚಾಸಿಸ್‌ಗಳಿಗೆ 65 ಇಂಚ್-ಪೌಂಡ್, ಅಂದರೆ 7 ನ್ಯೂಟನ್ ಮೀಟರಿಗೆ ಸ್ವಲ್ಪ ಮೇಲೆ ಹೇಳುವುದು ಜಾಸ್ತಿ. ಪಿಲ್ಲರ್ ಇಲ್ಲದ ಬರೀ ಮರಕ್ಕೆ ಅಷ್ಟು ಹಾಕಿದರೆ ಮರ ನಜ್ಜಾಗುತ್ತದೆ. ಈಗ ಬ್ಯಾರಲೂ ಸ್ಟಾಕಿನ ತುದಿಯೂ ಸೇರುವ ಕಡೆ ಬೆರಳಿಟ್ಟು, ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ. ಬ್ಯಾರಲ್ ಕುಪ್ಪಳಿಸಿದ ಹಾಗೆ ಬೆರಳಿಗೆ ಗೊತ್ತಾದರೆ, ಆ್ಯಕ್ಷನ್ ಬಿಗಿದಾಗ ಬಾಗುತ್ತಿತ್ತು ಅಂತ ಅರ್ಥ. ನನ್ನದರಲ್ಲಿ ಬೆರಳಿಗೆ ಏನೂ ಗೊತ್ತಾಗಲಿಲ್ಲ. ನಂಬಿಕೆಯಾಗದೆ ಇನ್ನೂ ಎರಡು ಸಲ ಸಡಿಲಿಸಿ ನೋಡಿದೆ.

ಒಂದು ಹುಳುಕು ಉಳಿದಿದೆ. ಕೆನ್ನೆಗೆ ಬೇಕಾದಷ್ಟು ಚೀಕ್ ಪೀಸ್ ಏರಿಸಿದರೆ ಬೋಲ್ಟ್ ಪೂರ್ತಿ ಹೊರಗೆ ಬರುವುದಿಲ್ಲ, ಚೀಕ್ ಪೀಸಿಗೆ ಬಡಿಯುತ್ತದೆ. ಗುಂಡು ಹೊಡೆಯಲು ತೊಂದರೆಯಿಲ್ಲ, ಬ್ಯಾರಲ್ ತೊಳೆಯಲು ಪ್ರತಿ ಸಲ ಅದನ್ನು ಇಳಿಸಬೇಕು. ಹಾಗಾಗಿ ಅದರ ಕಂಬಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಜಾಕೆಟ್ ಹಾಕುವ ದಿನಕ್ಕೆ ಬಟ್ ಪ್ಲೇಟಿನ ಒಂದು ಸ್ಪೇಸರ್ (ಉದ್ದ ಹೆಚ್ಚಿಸುವ ಬಿಲ್ಲೆ) ಕಡಿಮೆ. ಅದನ್ನು ಕೈಗೇ ಸಿಗಲಿ ಅಂತ ರೈಫಲ್ ಪೆಟ್ಟಿಗೆಯ ಮುಚ್ಚಳಕ್ಕೆ, ಉಳಿದಿದ್ದ ಆ ಅಗಲದ ಟೇಪಿನಲ್ಲೇ ಅಂಟಿಸಿಟ್ಟಿದ್ದೇನೆ.