ಕಕ್ಕಡದ ಮಳೆಗೆ ಯಾವ ಕಂಪನಿ ಪ್ಯಾನೆಲ್ ಒಳ್ಳೇದು?

ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತ ಹೊರಟವರೆಲ್ಲ ಮೊದಲು ಕೇಳೋದು ಒಂದೇ ಮಾತು, ಯಾವ ಕಂಪನಿ ಪ್ಯಾನೆಲ್ ಒಳ್ಳೇದು ಅಂತ. ಟಾಟಾನಾ, ವಾರೀನಾ, ಅದಾನಿನಾ, ನಮ್ಮ ಬೆಂಗಳೂರಿನ ಎಂವೀನಾ? ನನ್ನ ಉತ್ತರ ಕೇಳಿ ಎಷ್ಟೋ ಜನಕ್ಕೆ ನಿರಾಸೆ ಆಗಿದೆ. ಕೊಡಗಿನ ಮಟ್ಟಿಗೆ ಅದು ಐದನೆಯದೋ ಆರನೆಯದೋ ಪ್ರಶ್ನೆ. ಮೊದಲನೆಯದು, ನಿಮಗೆ ಕರೆಂಟ್ ಬಿಲ್ ಕಮ್ಮಿ ಆಗಬೇಕಾ, ಇಲ್ಲ ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ಜುಲೈ-ಆಗಸ್ಟ್ ಹೊತ್ತಲ್ಲಿ, ಮನೆಯಲ್ಲಿ ಲೈಟ್ ಉರಿಯಬೇಕಾ? ಸೋಲಾರ್ ಹಾಕಿಸಿದರೆ ಎರಡೂ ತಾನಾಗಿಯೇ ಆಗುತ್ತೆ ಅಂದುಕೊಂಡೇ ಎಲ್ಲರೂ ಡೀಲರ್ ಹತ್ತಿರ ಹೋಗೋದು. ಆಗಲ್ಲ. ಎರಡಕ್ಕೂ ಸಾಮಾನು ಬೇರೆ, ಖರ್ಚು ಬೇರೆ.

ಪಕ್ಕದ ತೋಟದ ಮಾವ ಆರು ಪ್ಯಾನೆಲ್ ಹಾಕಿಸಿದ್ದಾರೆ. ಜುಲೈ ತಿಂಗಳ ಗಾಳಿಮಳೆಗೆ ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದು, ಕರೆಂಟ್ ವಾಪಸ್ ಬರುವ ಲಕ್ಷಣವೇ ಇಲ್ಲದಿದ್ದಾಗ ಅವರ ಮನೆಗೆ ಹೋಗಿದ್ದೆ.

"ಏನು ಮಾವಾ, ತಲೆ ಮೇಲೆ ಇಷ್ಟು ಪ್ಯಾನೆಲ್ ಇಟ್ಕೊಂಡು ಕ್ಯಾಂಡಲ್ ಹಚ್ಚಿದ್ದೀರಿ?"

"ಅದನ್ನೇ ಕೇಳೋಣ ಅಂತ ಹಾಕಿಕೊಟ್ಟವನಿಗೆ ಫೋನ್ ಮಾಡ್ತಾ ಇದ್ದೇನೆ ಮಾರಾಯ. ಟವರೂ ಇಲ್ಲ."

ಅವರು ಹಾಕಿಸಿರೋದು ಆನ್-ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸಿದ್ದು. ಸಬ್ಸಿಡಿ ಜಾಹೀರಾತು ನೋಡಿ ಹಾಕಿಸುವ ಹೆಚ್ಚಿನವರದ್ದೂ ಅದೇ. ಕಂಬದಲ್ಲಿ ಕರೆಂಟ್ ಹೋದ ಕ್ಷಣ ಆನ್-ಗ್ರಿಡ್ ಇನ್ವರ್ಟರ್ ತಾನೂ ನಿಂತುಬಿಡುತ್ತೆ. ಅದು ಕೆಟ್ಟಿರೋದಲ್ಲ, ಹಾಗೆ ನಿಲ್ಲಲೇಬೇಕು ಅನ್ನೋದು ನಿಯಮ. ಇಲ್ಲದಿದ್ದರೆ ನಮ್ಮ ಪ್ಯಾನೆಲ್‌ನ ಕರೆಂಟ್ ಲೈನಿಗೆ ಹರಿದು, ಆ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಜೀವಕ್ಕೆ ಅಪಾಯ. ನೆತ್ತಿ ಮೇಲೆ ಸುಡುಬಿಸಿಲಿದ್ದರೂ ಅಷ್ಟೇ, ಲೈನಲ್ಲಿ ಕರೆಂಟ್ ಇಲ್ಲ ಅಂದರೆ ನಮ್ಮ ಮನೆಗೂ ಇಲ್ಲ. ಇದನ್ನು ಕೊಟೇಶನ್ ಕೊಡುವಾಗ ಬಾಯಿಬಿಟ್ಟು ಹೇಳುವವರು ಕಮ್ಮಿ. ಮಾವನಿಗೂ ಯಾರೂ ಹೇಳಿರಲಿಲ್ಲ.

ಈಗ ಬಿಲ್ಲಿನ ಲೆಕ್ಕ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಕಡೆ ಸಾಧಾರಣ ಮನೆಗಳ ಬಿಲ್ ಸೊನ್ನೆ. ಗಂಡ ಹೆಂಡತಿ, ವಯಸ್ಸಾದ ಅಪ್ಪ ಅಮ್ಮ, ಒಂದು ಫ್ರಿಜ್, ಒಂದು ಟೀವಿ. ಬಿಸಿನೀರಿಗೆ ಹಂಡೆ ಒಲೆ ಇದ್ದೇ ಇದೆ. ಇಂಥ ಮನೆ ತಿಂಗಳಿಗೆ 200 ಯುನಿಟ್ ಮುಟ್ಟೋದೇ ಇಲ್ಲ. ಬಿಲ್ಲೇ ಬರದವರು 2 ಲಕ್ಷದ ಆಸುಪಾಸು ಖರ್ಚು ಮಾಡಿ ಯಾವ ಬಿಲ್ ಉಳಿಸೋದು? 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅಲ್ಲಿ ಲೆಕ್ಕ ಬದಲಾಗುತ್ತೆ. ಪಂಪ್, ಗೀಸರ್, ವಾಷಿಂಗ್ ಮೆಷಿನ್ ಎಲ್ಲ ಓಡುವ ದೊಡ್ಡ ಮನೆಗೆ ಯುನಿಟ್‌ಗೆ 6 ರೂಪಾಯಿ ಆಸುಪಾಸು ಉಳಿಯೋದು ಸಣ್ಣ ಮಾತಲ್ಲ.

ಕೇಂದ್ರ ಸರ್ಕಾರ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯ್ತು. 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78,000 ರೂಪಾಯಿ. ಮನೆ ಸಂಪರ್ಕಕ್ಕೆ ಮಾತ್ರ. ಹೋಂಸ್ಟೇಗೆ ಕಮರ್ಷಿಯಲ್ ಮೀಟರ್ ಇದ್ದರೆ ಸಬ್ಸಿಡಿ ಇಲ್ಲ. ಆದರೂ ಹೋಂಸ್ಟೇ ಇಟ್ಟವರಿಗೆ ಸಬ್ಸಿಡಿ ಇಲ್ಲದೆಯೂ ಲಾಭ ಅಂತಲೇ ನನ್ನ ಅನಿಸಿಕೆ, ಯಾಕಂದರೆ ಅವರು ಕಟ್ಟುವ ದರ ಬೇರೆ, ಉರಿಸುವ ಯುನಿಟ್ಟೂ ಜಾಸ್ತಿ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದರೆ ಪ್ಯಾನೆಲ್ ಮಾತ್ರ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ಆಗಿರಬೇಕು. ಇದರ ಬೆಲೆ ಸ್ವಲ್ಪ ಹೆಚ್ಚು. ಒಬ್ಬ ಡೀಲರ್ ಇನ್ನೊಬ್ಬರಿಗಿಂತ ಬಹಳ ಕಮ್ಮಿಗೆ ಕೊಡ್ತೇನೆ ಅಂದರೆ ಡಿಸಿಆರ್ ಹೌದೋ ಅಲ್ಲವೋ ಅಂತ ಕೇಳಿ, ಕೊಟೇಶನ್ನಲ್ಲೇ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಹಳೇ ಕೊಟೇಶನ್ ಕೈಯಲ್ಲಿದ್ದರೆ ಹೊಸದು ಕೇಳಿ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತ ಕೂತಿರೋದು ನೆರಳಿನ ವಿಷಯ.

ಸೈಟ್ ನೋಡೋಕೆ ಹುಡುಗರು ಬರೋದು ಸಾಮಾನ್ಯವಾಗಿ ಬೇಸಿಗೆಯಲ್ಲಿ, ಏಪ್ರಿಲ್, ಮೇ ತಿಂಗಳಲ್ಲಿ. ಮಧ್ಯಾಹ್ನ ಹೊತ್ತು ಬಂದು, ತಾರಸಿ ಹತ್ತಿ, ಮೊಬೈಲಲ್ಲಿ ದಿಕ್ಕು ನೋಡಿ, "ಸೂಪರ್ ಬಿಸಿಲು ಸಾರ್ ನಿಮಗೆ" ಅಂತ ಹೇಳಿ ಕಾಫಿ ಕುಡಿದು ಹೋಗ್ತಾರೆ. ಸೂಪರ್ ಇರದೆ ಏನು! ಕೊಡಗು ಇರೋದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ಮೇಲೇ ಬರ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದವರೆಗೂ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ. ಆಗ ಮರದ ನೆರಳು ಮರದ ಬುಡದಲ್ಲೇ. ಆದರೆ ನಮಗೆ ಕರೆಂಟ್ ಹುಟ್ಟೋದು ಯಾವಾಗ? ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಹೋಯ್ತು. ತುಲಾ ಸಂಕ್ರಮಣ ಕಳೆದು, ಪುತ್ತರಿ ಹಬ್ಬದ ಹೊತ್ತಿಗೆ ಆಕಾಶ ತಿಳಿಯಾಗಿ, ಕಣದಲ್ಲಿ ಕಾಫಿ ಒಣಗುವ ಡಿಸೆಂಬರ್, ಜನವರಿ, ಫೆಬ್ರವರಿ ಇದೆಯಲ್ಲ, ಅದೇ ನಮ್ಮ ಬೆಳೆ ತಿಂಗಳು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ನೆರಳಿನ ಉದ್ದ ಮರದ ಎತ್ತರದ ಮುಕ್ಕಾಲು ಭಾಗ. ಬೆಳಿಗ್ಗೆ ಒಂಬತ್ತೂವರೆಗೆ, ಸಾಯಂಕಾಲ ಮೂರೂವರೆಗೆ ಸುಮಾರು ಒಂದೂವರೆ ಪಟ್ಟು. ಅಂದರೆ 50 ಅಡಿ ಸಿಲ್ವರ್ ಓಕ್ ಮೂರೂವರೆಗೆ 75 ಅಡಿ ದೂರಕ್ಕೆ ನೆರಳು ಚಾಚುತ್ತೆ. ನಮ್ಮಲ್ಲಿ ಯಾರ ಮನೆಯಿಂದ 75 ಅಡಿ ಒಳಗೆ ಮರ ಇಲ್ಲ ಹೇಳಿ?

ಮಾವನ ಮನೆ ಮೇಲೆ ಜನವರಿಯಲ್ಲಿ ಹತ್ತಿ ನೋಡಿದೆ. ತೋಟದ ಅಂಚಿನ ಒಂದು ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರ ನೆರಳು ಸಾಲಿನ ಕೊನೆ ಪ್ಯಾನೆಲ್ ಮೇಲೆ ಬಿದ್ದು ನಿಧಾನಕ್ಕೆ ಪಕ್ಕದ್ದಕ್ಕೆ ಸರೀತಾ ಇತ್ತು. ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿರ್ತಾರೆ, ಹಾಗಾಗಿ ನೆರಳು ಬಿದ್ದ ಪ್ಯಾನೆಲ್ ಇಡೀ ಸಾಲಿನ ಕರೆಂಟನ್ನು ಹಿಡಿದು ನಿಲ್ಲಿಸೋಕೆ ನೋಡುತ್ತೆ. ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್ ಅಂತ ಮೂರಿರುತ್ತೆ, ನೆರಳಿನ ಭಾಗವನ್ನು ದಾಟಿಸಿ ಕರೆಂಟ್ ಕಳಿಸೋದು ಅವುಗಳ ಕೆಲಸ. ಈಗ ಬರುವ ಹಾಫ್-ಕಟ್ ಪ್ಯಾನೆಲ್‌ಗಳಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ದುಡಿಯುತ್ತವೆ, ಕೆಳಗಿಂದ ನೆರಳು ಏರಿದರೂ ಮೇಲಿನ ಅರ್ಧ ಕೊಡ್ತಾ ಇರುತ್ತೆ. ಇದು ನಿಜಕ್ಕೂ ಉಪಯೋಗ ಇರುವ ಸಂಗತಿ, ನಮ್ಮಂಥವರು ಹಾಫ್-ಕಟ್ ಅಲ್ಲದ್ದನ್ನು ತಗೊಳ್ಳಲೇಬಾರದು. ಪ್ರತಿ ಪ್ಯಾನೆಲ್‌ಗೂ ಒಂದೊಂದು ಮೈಕ್ರೋ ಇನ್ವರ್ಟರ್ ಹಾಕಿಸಿದರೆ ಒಂದರ ನೆರಳು ಇನ್ನೊಂದಕ್ಕೆ ತಾಗಲ್ಲ, ಆದರೆ ದುಬಾರಿ. ನನ್ನನ್ನು ಕೇಳಿದರೆ ಮೊದಲು ಮರ ಕಪಾತಿಗೆ ಆಳು ಬಂದಾಗ ಆ ಒಂದು ಮರದ ರೆಂಬೆ ಇಳಿಸಿ. ಮೈಕ್ರೋ ಇನ್ವರ್ಟರ್ ಆಮೇಲೆ.

ಹೀಗಾಗಿ ಸೈಟ್ ನೋಡೋರನ್ನು ಡಿಸೆಂಬರ್‌ನಲ್ಲಿ ಕರೆಸಿ. ಆಗಲ್ವಾ, ನೀವೇ ಡಿಸೆಂಬರಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12, ಸಾಯಂಕಾಲ 3ಕ್ಕೆ ಸೂರಿನ ಫೋಟೋ ತೆಗೆದಿಡಿ. ಯಾವ ಕಂಪನಿಯ ಬ್ರೋಷರ್‌ಗಿಂತಲೂ ಆ ಮೂರು ಫೋಟೋ ಮೇಲು.

ಸರಿ, ಪ್ಯಾನೆಲ್ ಹೋಲಿಕೆಗೆ ಬರೋಣ, ಇಲ್ಲದಿದ್ದರೆ ಬೈತೀರಿ. ನೀಲಿ ಬಣ್ಣದ ಪಾಲಿ ಪ್ಯಾನೆಲ್ ಕಾಲ ಮುಗಿಯಿತು, ಹಳೇ ಸ್ಟಾಕ್ ಅಗ್ಗಕ್ಕೆ ಕೊಡ್ತೇನೆ ಅಂದರೂ ಬೇಡ. ಈಗ ಸ್ಪರ್ಧೆ ಇರೋದು ಮೋನೋ ಪರ್ಕ್ ಮತ್ತು ಟಾಪ್‌ಕಾನ್ ಅನ್ನುವ ಎರಡು ಬಗೆಯ ಸೆಲ್‌ಗಳ ನಡುವೆ. ಪರ್ಕ್ ದಕ್ಷತೆ 20-21 ಪರ್ಸೆಂಟ್, ಟಾಪ್‌ಕಾನ್ 22 ದಾಟುತ್ತೆ. ಒಂದೇ ಅಳತೆಯ ಪ್ಯಾನೆಲ್, ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಪರ್ಕ್ ಆದರೆ 545 ವ್ಯಾಟ್, ಟಾಪ್‌ಕಾನ್ ಆದರೆ 580. ಮೂರು ಕಿಲೋವ್ಯಾಟ್ ದಾಟಿಸಬೇಕಾದರೆ ಎರಡರಲ್ಲೂ ಆರೇ ಪ್ಯಾನೆಲ್ ಬೇಕು. ಅಷ್ಟೇ ಜಾಗದಲ್ಲಿ ಹೆಚ್ಚು ವ್ಯಾಟ್ ಅನ್ನೋ ಲೆಕ್ಕ ಜಾಗ ಇಕ್ಕಟ್ಟಾದ ಬೆಂಗಳೂರಿನ ಸೈಟಿಗೆ ದೊಡ್ಡದು. ಸೂರಿನ ಮೇಲೆ ಜಾಗ ಧಾರಾಳ ಇರುವ ನಮಗೆ ಅಷ್ಟೇನಲ್ಲ.

ಟಾಪ್‌ಕಾನ್ ಮಾರುವವರು ಬಿಸಿಲಿನ ಮಾತು ಎತ್ತುತ್ತಾರೆ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್, ಸೆಲ್ 25 ಡಿಗ್ರಿ ಇದ್ದಾಗಿನದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಬಿಸಿ ಏರಿದಾಗಲೂ ಪರ್ಕ್ ಸುಮಾರು 0.35 ಪರ್ಸೆಂಟ್ ಕಳೆದುಕೊಳ್ಳುತ್ತೆ, ಟಾಪ್‌ಕಾನ್ ಸುಮಾರು 0.30. ರಾಯಚೂರು, ಕಲಬುರಗಿಯಲ್ಲಿ ಈ ವ್ಯತ್ಯಾಸ ವರ್ಷಪೂರ್ತಿ ಕೂಡುತ್ತಾ ಹೋಗುತ್ತೆ. ಮಡಿಕೇರಿಯ ಜನವರಿ ಮಧ್ಯಾಹ್ನ ಸೆಲ್ 50 ಡಿಗ್ರಿಗೆ ಹೋಯ್ತು ಅಂತಲೇ ಇಟ್ಟುಕೊಳ್ಳಿ, ಎರಡರ ನಡುವಿನ ಅಂತರ ಒಂದೂಕಾಲು ಪರ್ಸೆಂಟ್. 3 ಕಿಲೋವ್ಯಾಟ್‌ಗೆ 40 ವ್ಯಾಟೂ ಇಲ್ಲ. ಆ ಸಿಲ್ವರ್ ಓಕ್ ರೆಂಬೆ ಅದರ ಹತ್ತುಪಟ್ಟು ತಿನ್ನುತ್ತೆ. ಮೋಡದಲ್ಲೂ ಕರೆಂಟ್ ಕೊಡುತ್ತೆ ಅನ್ನೋದು ಇನ್ನೊಂದು ಮಾತು. ದಟ್ಟ ಮೋಡ ಕವಿದರೆ ಯಾವ ಪ್ಯಾನೆಲ್ ಆದರೂ ತನ್ನ ಶಕ್ತಿಯ 10ರಿಂದ 25 ಪರ್ಸೆಂಟ್ ಕೊಟ್ಟರೆ ಹೆಚ್ಚು. ಟಾಪ್‌ಕಾನ್ ಅಲ್ಲಿ ಚೂರು ಮುಂದೆ ಅನ್ನೋದು ಸುಳ್ಳಲ್ಲ. ಇಲ್ಲದಿರೋದರಲ್ಲಿ ಚೂರು ಹೆಚ್ಚು, ಅಷ್ಟೇ.

ಬೈಫೇಶಿಯಲ್ ಬಗ್ಗೆ ಒಂದು ಮಾತು. ಹಿಂದಿನಿಂದಲೂ ಬೆಳಕು ಹೀರುತ್ತೆ ಅಂತ ಮಾರ್ತಾರೆ. ನಮ್ಮಲ್ಲಿ ಆರ್‌ಸಿಸಿ ಮನೆಗೂ ಮಳೆಗೆ ಹೆದರಿ ಮೇಲೆ ಶೀಟ್ ಹೊದೆಸಿರ್ತೀವಿ, ಪ್ಯಾನೆಲ್ ಆ ಶೀಟಿಗೆ ಅಂಟಿಕೊಂಡೇ ಕೂರೋದು. ಹಿಂದಿನಿಂದ ಬೆಳಕು ಎಲ್ಲಿಂದ ಬರಬೇಕು? ಆದರೂ ನಾನು ಎರಡೂ ಕಡೆ ಗಾಜಿರುವುದನ್ನೇ ತಗೊಳ್ಳಿ ಅಂತೀನಿ, ಕಾರಣ ಬೇರೆ. ಬೇರೆ ಪ್ಯಾನೆಲ್‌ಗಳ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಇರುತ್ತೆ, ವರ್ಷಗಟ್ಟಲೆ ತೇವ ಅದರ ಮೂಲಕ ನಿಧಾನಕ್ಕೆ ಒಳಗೆ ಇಳಿಯುತ್ತೆ. ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರಲ್ಲಿ ಗಾಜಿನ ಬೆನ್ನೇ ವಾಸಿ. ಭಾರ ಹೆಚ್ಚು, ಒಂದೊಂದು 30 ಕೆಜಿ ದಾಟುತ್ತೆ, ಶೀಟಿನ ಕೆಳಗಿನ ಟ್ರಸ್ ಗಟ್ಟಿ ಇದೆಯಾ ನೋಡಿಸಿ. ಹಳೇ ಹೆಂಚಿನ ಮನೆ ಆದರೆ ರೀಪು, ಪಕಾಸು ಗೆದ್ದಲು ತಿಂದಿದೆಯಾ ಅಂತ ಬಡಗಿಯನ್ನು ಕರೆದು ಕೇಳೋದು ಒಳ್ಳೇದು, ಇಲ್ಲವೇ ಪ್ಯಾನೆಲ್ಲನ್ನು ಕಣದ ಪಕ್ಕ ನೆಲದ ಮೇಲೆ ನಿಲ್ಲಿಸಿ.

ಸ್ಟ್ಯಾಂಡಿಗೆ ಹಾಟ್ ಡಿಪ್ ಗ್ಯಾಲ್ವನೈಸ್ ಕಬ್ಬಿಣ, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು, ಮತ್ತು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್. ಪೇಂಟ್ ಬಳಿದ ಕಬ್ಬಿಣ ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತೆ, 25 ವರ್ಷ ವಾರಂಟಿ ಇರುವ ಪ್ಯಾನೆಲ್ಲನ್ನು ಅದರ ಮೇಲೆ ಕೂರಿಸಿ ಏನು ಮಾಡ್ತೀರಿ? ಶೀಟಿಗೆ ತೂತು ಕೊರೆದ ಕಡೆಯೆಲ್ಲ ರಬ್ಬರ್ ವಾಷರ್ ಇರಲೇಬೇಕು. ಏಪ್ರಿಲ್, ಮೇ ಸಿಡಿಲಿಗೆ ಎಸ್‌ಪಿಡಿ (ವೈರಲ್ಲಿ ನುಗ್ಗುವ ಹೆಚ್ಚುವರಿ ವೋಲ್ಟೇಜ್ ತಡೆಯುವ ಸಾಧನ), ಸರಿಯಾದ ಅರ್ತಿಂಗ್. ಇದರಲ್ಲಿ ಚೌಕಾಸಿ ಮಾಡಬೇಡಿ. ಇಳಿಜಾರು 15 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಇದ್ದರೆ ಎಲೆ, ಪಾಚಿ ಜಾರಿ ಹೋಗುತ್ತೆ, ಡಿಸೆಂಬರ್ ಬಿಸಿಲೂ ನೇರವಾಗಿ ಬೀಳುತ್ತೆ. ಮಂಗಗಳಿಗೆ ಮಾತ್ರ ಯಾವ ಕಂಪನಿಯಲ್ಲೂ ವಾರಂಟಿ ಇಲ್ಲ.

ಇಷ್ಟೆಲ್ಲ ಆದ ಮೇಲೂ ಕಕ್ಕಡದ ಕತ್ತಲೆ ಹಾಗೇ ಉಳಿಯಿತಲ್ಲ? ಅದಕ್ಕೆ ಬೇಕಿರೋದು ಲೈನಿಗೂ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ. ದೊಡ್ಡ ಲಿಥಿಯಂ ಬ್ಯಾಟರಿ ಸೇರಿದರೆ ಲಕ್ಷದ ಮೇಲೆ ಖರ್ಚು ಏರುತ್ತೆ, ಸಬ್ಸಿಡಿ ಲೆಕ್ಕ ಹಾಕೋದು ಪ್ಯಾನೆಲ್ ಕಿಲೋವ್ಯಾಟಿಗೆ ಮಾತ್ರ, ಬ್ಯಾಟರಿಗೆ ಒಂದು ಪೈಸೆ ಇಲ್ಲ. ದೆಹಲಿಯಲ್ಲಿ ಕೂತು ರಾಜಸ್ಥಾನದ ಬಿಸಿಲು ನೋಡಿ ಮಾಡಿದ ಯೋಜನೆ ಅಂತ ನನಗೆ ಅನಿಸೋದು ಇಲ್ಲೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಮೊಬೈಲ್ ಚಾರ್ಜ್ ಮಾಡೋಕೂ ಗತಿ ಇರಲಿಲ್ಲ. ಅಂಥ ಜಿಲ್ಲೆಗೆ ಆ 78,000ದಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಬಳಸೋಕೆ ಬಿಟ್ಟರೆ ಯಾರಿಗೇನು ನಷ್ಟ? ನಮ್ಮ ಎಂಎಲ್‌ಎ, ಎಂಪಿಗಳು ಕೇಳಬೇಕಾದ ಮಾತು ಇದು.

ಅಲ್ಲಿವರೆಗೆ, ಬಿಲ್ ಸೊನ್ನೆ ಬರುವ ಮನೆಯವರಿಗೆ ನಾನು ಹೇಳೋದು ಸಣ್ಣ ದಾರಿ. ಹೇಗೂ ಮನೆಯಲ್ಲಿ ಯುಪಿಎಸ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. ಅದರ ಅರ್ಧದಷ್ಟೇ ಬಳಸಿದರೂ ಸುಮಾರು 900 ವ್ಯಾಟ್ ಅವರ್ ಸಿಗುತ್ತೆ. ಆರು ಎಲ್‌ಇಡಿ ಬಲ್ಬ್, ಒಂದು ವೈಫೈ ರೂಟರ್ ಹನ್ನೆರಡು ಗಂಟೆ ನಡೆಯುತ್ತೆ. ಅದನ್ನು ತುಂಬಿಸೋಕೆ ಎರಡು ಪ್ಯಾನೆಲ್, ಒಂದು ಎಂಪಿಪಿಟಿ ಚಾರ್ಜ್ ಕಂಟ್ರೋಲರ್, ಅಂದರೆ ಪ್ಯಾನೆಲ್ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿ ಚಾರ್ಜ್ ಮಾಡುವ ಪೆಟ್ಟಿಗೆ. ಬಯಲುಸೀಮೆಯವರಿಗೆ ಒಂದೇ ಸಾಕು, ನಮಗೆ ಮೋಡಕ್ಕಾಗಿ ಎರಡು. ಈ ದೊಡ್ಡ ಪ್ಯಾನೆಲ್ ಒಂದೊಂದೂ 50 ವೋಲ್ಟ್ ಹತ್ತಿರ ಕೊಡುತ್ತೆ, 12 ವೋಲ್ಟ್ ಬ್ಯಾಟರಿಗೆ ನೇರ ಜೋಡಿಸೋ ಸಾಹಸ ಬೇಡ. ಬೇಸಿಗೆಯಲ್ಲಿ ಚಾರ್ಜ್ ಕರೆಂಟನ್ನು ಬ್ಯಾಟರಿ ತಡೆಯುವಷ್ಟಕ್ಕೇ ಮಿತಿ ಹಾಕುವ ಕಂಟ್ರೋಲರ್ ಬೇಕು ಅಂತ ಎಲೆಕ್ಟ್ರಿಶಿಯನ್‌ಗೆ ಹೇಳಿ. ಮಾವನಿಗೂ ಇದನ್ನೇ ಹೇಳಿದ್ದೇನೆ. ಆನ್-ಗ್ರಿಡ್ ಅದರ ಪಾಡಿಗೆ ಬಿಲ್ ಇಳಿಸ್ತಾ ಇರಲಿ, ಲೈಟಿಗೆ ಇನ್ನೆರಡು ಪ್ಯಾನೆಲ್ ಬೇರೆ ಹಾಕಿಸಿ ಅಂತ. "ಈ ಸಲ ಕಾಫಿ ದುಡ್ಡು ಬರಲಿ ನೋಡೋಣ" ಅಂದಿದ್ದಾರೆ.

ಕುಶಾಲನಗರ, ಶನಿವಾರಸಂತೆ ಕಡೆಯವರಿಗೆ ನನ್ನ ಅರ್ಧ ಮಾತು ಅನ್ವಯಿಸಲ್ಲ, ನಿಮಗೆ ಮಳೆ ಕಮ್ಮಿ, ಬಯಲು ಹೆಚ್ಚು. ಬಿಲ್ ಬರ್ತಾ ಇದ್ದರೆ ಧೈರ್ಯವಾಗಿ ಆನ್-ಗ್ರಿಡ್ ಹಾಕಿಸಿ. ನಾಪೋಕ್ಲು, ಭಾಗಮಂಡಲ, ಗಾಳಿಬೀಡು ಕಡೆ ಈಗಾಗಲೇ ಹಾಕಿಸಿದವರು ಯಾರಾದರೂ ಇದ್ದರೆ, ನಿಮ್ಮ ಇನ್ವರ್ಟರ್ ಆ್ಯಪ್ ತೆಗೆದು ಜುಲೈ ತಿಂಗಳು ಎಷ್ಟು ಯುನಿಟ್ ಬಂತು ಅಂತ ಕೆಳಗೆ ಹಾಕಿ. ವರ್ಷದ ಸರಾಸರಿ ಬೇಡ, ಅದನ್ನು ಡೀಲರ್‌ಗಳೇ ಹೇಳ್ತಾರೆ. ಜುಲೈದು ಮಾತ್ರ ಬೇಕು.