ಟೇ ರಾಕ್ ಕೆರೆಯೂ ಶರಾವತಿಯ ಹಿನ್ನೀರೂ

‘ನಿಮ್ಮದು ಯಾವೂರು?’ ಎಂದು ಯಾರಾದರೂ ಕೇಳಿದರೆ, ಮೆಲ್ಬರ್ನಿಗೆ ಬಂದು ಇಷ್ಟು ವರ್ಷವಾದ ಮೇಲೂ ನಾನು ಸಾಗರ ಎಂದೇ ಹೇಳುತ್ತೇನೆ. ಅಜ್ಜನ ನಿಜವಾದ ಊರು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ.

ಇಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿಯಲ್ಲಿರುವ ಬುಜ್ ಬಿಮ್, ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಗುಂಡಿಜ್‌ಮಾರಾ ಜನರ ನೆಲ. ಬುಜ್ ಬಿಮ್ ಎಂದರೆ ಎತ್ತರದ ತಲೆ. ಅಲ್ಲಿನ ಅದೇ ಹೆಸರಿನ ಜ್ವಾಲಾಮುಖಿ ಉಗುಳಿದ ಕಲ್ಲುಗಳು, ಅವರ ಪ್ರಕಾರ, ಸೃಷ್ಟಿಕರ್ತನಾದ ಪೂರ್ವಜನ ಹಲ್ಲುಗಳು. ಅದೇ ಕಪ್ಪು ಕಲ್ಲನ್ನು ಜೋಡಿಸಿ ಕಾಲುವೆ, ಒಡ್ಡು, ಮಡುಗಳನ್ನು ಮಾಡಿಕೊಂಡು ಕನಿಷ್ಠ 6,600 ವರ್ಷಗಳ ಹಿಂದಿನಿಂದಲೇ ಅವರು ಕೂಯಾಂಗ್ ಎಂಬ ಹಾವುಮೀನನ್ನು ಕೂಡಿಟ್ಟು ಹಿಡಿಯುತ್ತಿದ್ದರು. ಒಡ್ಡಿನ ಕಂಡಿಗೆ ಇಡುವ ಹೆಣೆದ ಬುಟ್ಟಿಯ ಬಾಯಿ ಅಗಲ, ಬಾಲದ ಕಡೆ ಮೀನು ತಲೆ ತೂರಿಸುವಷ್ಟೇ ಕಿರಿದು. ಅದನ್ನು ನೋಡಿದೊಡನೆ, ಮೊದಲ ಮಳೆಗೆ ಹತ್ತುಮೀನು ಏರುವಾಗ ಅಜ್ಜ ಗದ್ದೆಯ ಕಂಡಿಗೆ ಒಡ್ಡುತ್ತಿದ್ದ ಬಿದಿರಿನ ಕೂಣಿ ನೆನಪಾಯಿತು. ಬುಜ್ ಬಿಮ್‌ನಲ್ಲಿ ಬುಟ್ಟಿ ಹೆಣೆಯುವವರು ಇಂದಿಗೂ ಇದ್ದಾರೆ. ನಮ್ಮ ಮನೆಯ ಅಟ್ಟದಲ್ಲಿ ಕೂಣಿಯ ಒಂದು ಸೀಳೂ ಉಳಿದಿಲ್ಲ.

ಎರಡೂ ಕಥೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮವರಿಗೆ ಅಷ್ಟಿಷ್ಟಾದರೂ ಪರಿಹಾರ ಸಿಕ್ಕಿತು. ಅವರನ್ನು 1840ರ ದಶಕದಲ್ಲಿ ಬಿಳಿಯ ವಲಸಿಗರು ಕುರಿಗಾವಲಿಗಾಗಿ ಗುಂಡಿಟ್ಟು ಕೊಂದರು, ಉಳಿದವರಲ್ಲಿ ಅನೇಕರನ್ನು ಕ್ರೈಸ್ತ ಮಿಷನ್ನಿಗೆ ಸೇರಿಸಿದರು, ಆಮೇಲೆ ಹಾವುಮೀನಿನ ನೆಲೆಯಾದ ಅಲ್ಲಿನ ಟೇ ರಾಕ್ ಕೆರೆಯನ್ನೇ ಕಾಲುವೆ ತೋಡಿ ಬಸಿದರು. ಇಷ್ಟಾದರೂ ಅವರು ಆ ನೆಲದ ಕೆಲಸವನ್ನು ಬಿಡಲಿಲ್ಲವೆಂಬುದೇ ನನ್ನನ್ನು ಕಾಡುವ ಸಂಗತಿ. 2007ರಲ್ಲಿ ಫೆಡರಲ್ ನ್ಯಾಯಾಲಯ ಅವರಿಗೆ ನೆಲದ ಹಕ್ಕನ್ನು ಹೊಸದಾಗಿ ಕೊಡಲಿಲ್ಲ, ಮೊದಲಿನಿಂದಲೂ ಇದ್ದ ಹಕ್ಕನ್ನು ಮಾನ್ಯ ಮಾಡಿತು. 2010ರಲ್ಲಿ ಕೆರೆಗೆ ನೀರು ಮರಳಿತು. ಬುಜ್ ಬಿಮ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2019ರಲ್ಲಿ.

ನಮ್ಮಲ್ಲಿ ಊರಿನ ನಂಟು ಬಹುಮಟ್ಟಿಗೆ ಪಹಣಿಯಲ್ಲಿ ಹೆಸರಿರುವ ತನಕ. ಮುಳುಗಡೆಯ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿರುವಾಗ ಕಾಗದವನ್ನು ಹಗುರವಾಗಿ ಕಾಣುವುದು ತಪ್ಪಾದೀತು; ಆದರೆ ಕಾಗದ ಹೋದೊಡನೆ ಹಳ್ಳ, ದಿಬ್ಬ, ಹೊಂಡಗಳ ಹೆಸರುಗಳನ್ನೂ ಕೈಬಿಟ್ಟದ್ದಕ್ಕೆ ನಾವು ಸರ್ಕಾರವನ್ನು ದೂರುವಂತಿಲ್ಲ. ಒಂದು ಬೇಸಿಗೆಯಲ್ಲಿ ನೀರು ಇಳಿದು ಮಡೆನೂರಿನ ಹಳೆಯ ಅಣೆಕಟ್ಟು ಕಾಣಿಸಿಕೊಂಡಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, ಕೆಸರಿನ ಬಯಲಿನತ್ತ ಕೈಚಾಚಿ, ಒಂದೊಂದೇ ಜಾಗದ ಹೆಸರು ಹೇಳಿದ್ದರು. ನಾನು ಆಗ ಫೋಟೊ ತೆಗೆಯುತ್ತಿದ್ದೆ.