ಇನ್ನೊಂಚೂರು ಮುಂದೆ

ಭಾನುವಾರ ಬಂತು ಅಂದರೆ ಚಿಕ್ಕಬಳ್ಳಾಪುರದ ನಾವು ನಂದಿ ಬೆಟ್ಟದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಕಾರು, ಬೈಕುಗಳೆಲ್ಲ ಬಂದು ಬೆಟ್ಟದ ಬುಡದಲ್ಲಿ ಸಾಲುಗಟ್ಟಿರುತ್ತವೆ. ಮೋಡ ನೋಡೋಕೆ ಬಂದವರು ಮುಂದಿನ ಕಾರಿನ ಹೊಗೆ ನೋಡಿಕೊಂಡು ವಾಪಸ್ ಹೋಗುತ್ತಾರೆ. ಹಾಗಾಗಿ ಭಾವ ಫೋನ್ ಮಾಡಿ "ಈ ಸಲ ಬೆಟ್ಟ ಬೇಡ, ನದಿ ದಂಡೆಗೆ ಹೋಗೋಣ" ಅಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಆ ಖುಷಿ ಎಲ್ಲಿಗೆ ಮುಟ್ಟಿತು ಅಂತ ಬಿಸಿ ಆರುವ ಮೊದಲೇ ಬರೆದುಬಿಡುತ್ತೇನೆ. ಪ್ಯಾಂಟಿನ ಮೇಲಿನ ಪುಳಿಯೋಗರೆ ಎಣ್ಣೆ ಇನ್ನೂ ಹೋಗಿಲ್ಲ.

ಭಾವನಿಗೆ ಈ ಹುಚ್ಚು ಹತ್ತಿದ್ದು ಗಂಡಿಕೋಟದ ರೀಲ್ಸ್ ನೋಡಿ. ಕಡಪ ಜಿಲ್ಲೆಯ ಗಂಡಿಕೋಟ ಗೊತ್ತಲ್ವಾ? ಕೆಂಪು ಬಂಡೆ ಸೀಳಿಕೊಂಡು ಆಳದಲ್ಲಿ ಹರಿಯುವ ನದಿ, ಪಕ್ಕದಲ್ಲಿ ಟೆಂಟು, ಟೆಂಟಿನ ಮುಂದೆ ಗಿಟಾರು. ಆ ನದಿ ಪೆನ್ನಾ. ಅಂದರೆ ನಮ್ಮ ಉತ್ತರ ಪಿನಾಕಿನಿಯೇ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರಿನ ಮೇಲೆ ಹಾದು, ಆಂಧ್ರಕ್ಕೆ ಹೋಗಿ, ಒಟ್ಟು 597 ಕಿಲೋಮೀಟರ್ ಸುತ್ತಿ ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ಈ ವಿಷಯವನ್ನು ಭಾವ ಎಲ್ಲೋ ಓದಿಬಿಟ್ಟಿದ್ದರು.

"ಅದೇ ನದಿ ಕಣಯ್ಯಾ! ಅದನ್ನ ನೋಡೋಕೆ ಅಷ್ಟು ದೂರ ಯಾಕೆ ಪೆಟ್ರೋಲ್ ಸುಡಬೇಕು? ಹುಟ್ಟೋ ಜಾಗದಲ್ಲೇ ಫ್ರೆಶ್ಶಾಗಿ ಸಿಗುತ್ತಲ್ಲ!"

ಅಮ್ಮ ಅಳಿಯನಿಗೆ ಎದುರಾಡುವವರಲ್ಲ. ನನ್ನ ಕಿವಿಯ ಹತ್ತಿರ ಮಾತ್ರ "ಇಲ್ಲಿ ಹುಟ್ಟೋದಷ್ಟೇ. ಬೆಳೆಯೋದೆಲ್ಲ ಅಲ್ಲೇ" ಅಂದರು. ಅದೂ ನಿಜವೇ. ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ನಮ್ಮ ಬೆಟ್ಟಗಳಲ್ಲೇ ಹುಟ್ಟುತ್ತವೆ ಅಂತ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರು ನಾವು. ಕಣ್ಣಾರೆ ನೋಡಿದ್ದು ಕಮ್ಮಿ.

ಭಾವನ ಕಾರು. ಮುಂದೆ ಭಾವ, ಅಮ್ಮ. ಹಿಂದೆ ಅಕ್ಕ, ಅವರ ಮಗ, ನಾನು. ನನ್ನ ತೊಡೆಯ ಮೇಲೆ ಪುಳಿಯೋಗರೆ ಡಬರಿ, ಕಾಲ ಸಂದಿಯಲ್ಲಿ ಬೋಂಡಾ ಡಬ್ಬಿ. ಅಕ್ಕನ ಕೈಯಲ್ಲಿ ಇನ್ನೊಂದು ಡಬ್ಬಿ. ಅದರಲ್ಲಿ ಅನ್ನಕ್ಕೆ ಹಾಲು ಹಾಕಿ, ಒಂದು ಚಮಚ ಮೊಸರು ಬೆರೆಸಿ ಇಟ್ಟಿದ್ದರು. ಊಟದ ಹೊತ್ತಿಗೆ ಹದವಾದ ಮೊಸರನ್ನ ಆಗಬೇಕು, ಅದು ಲೆಕ್ಕ. ಅಕ್ಕ ಮದುವೆಯಾಗಿ ಇಷ್ಟು ವರ್ಷವಾದರೂ ಲೆಕ್ಕ ಹಾಕುವಾಗ ಗಂಡನನ್ನು ಸೇರಿಸಿಕೊಳ್ಳುವುದನ್ನು ಕಲಿತಿಲ್ಲ.

ಯಾಕೆಂದರೆ ಭಾವ ಮೊದಲು ಸಿಕ್ಕಿದ ಜಾಗದಲ್ಲಿ ಕೂತ ಮನುಷ್ಯನೇ ಅಲ್ಲ. ಮಂಚೇನಹಳ್ಳಿ ದಾಟಿದ ಮೇಲೆ ಒಂದು ಹೊಂಗೆ ಮರ ಸಿಕ್ಕಿತು. ದಟ್ಟ ನೆರಳು, ಸಪಾಟು ನೆಲ, ಬೀಸುವ ಗಾಳಿ. ಭಾವ ಕಾರು ನಿಲ್ಲಿಸಿದರು. ಇಳಿದರು. ಎರಡೂ ಕೈ ಸೊಂಟದ ಮೇಲಿಟ್ಟು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಚಪ್ಪಲಿ ತುದಿಯಿಂದ ನೆಲ ಕೆದಕಿದರು. ಮೂಗು ಅಗಲ ಮಾಡಿ ಗಾಳಿ ಎಳೆದುಕೊಂಡರು. ಫೋನನ್ನು ತಲೆಯ ಮೇಲೆತ್ತಿ ಸಿಗ್ನಲ್ ನೋಡಿದರು. ನಾವು ಉಸಿರು ಹಿಡಿದು ಕೂತಿದ್ದೇವೆ. ವಾಪಸ್ ಬಂದು ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, "ಚೆನ್ನಾಗೇ ಇದೆ. ಇನ್ನೊಂಚೂರು ಮುಂದೆ ಹೋದ್ರೆ ಇನ್ನೂ ಚೆನ್ನಾಗಿರೋದು ಸಿಗುತ್ತೆ" ಅಂದರು.

ಆಮೇಲೆ ಮಾವಿನ ತೋಪು. ಅದು ಖಾಸಗಿ, ಬೇಡ. ಭಾವನದು ಒಂದು ನಿಯಮ ಇದೆ. ಕೂತರೆ ಸರ್ಕಾರಿ ಜಾಗದಲ್ಲೇ ಕೂರಬೇಕು, ಯಾರೂ ಬಂದು ಏಳಿ ಅನ್ನಬಾರದು. ಆಮೇಲೆ ಸರ್ಕಾರಿಯದೇ ಒಂದು ಹುಣಸೆ ಮರ. ಮಟಮಟ ಮಧ್ಯಾಹ್ನ ಹುಣಸೆ ಮರದ ಕೆಳಗೆ ಕೂತರೆ ದೆವ್ವ ಹಿಡಿಯುತ್ತಂತೆ. (ಇವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ.) ಸೇತುವೆಯ ಕೆಳಗೆ ಒಡೆದ ಬಾಟಲಿ, ಎಣ್ಣೆ ಪ್ಯಾಕೆಟ್ಟು, ಅರ್ಧ ಸುಟ್ಟ ಟೈರು. ಅದನ್ನು ನಾವೇ ಬೇಡ ಅಂದೆವು. ನಮಗಿಂತ ಮೊದಲು ಬಂದವರಿಗೆ ಜಾಗ ಆರಿಸೋಕೆ ಭಾವನಷ್ಟು ಕಷ್ಟ ಆಗಿರಲಿಲ್ಲ ಅಂತ ಕಾಣುತ್ತೆ, ತಿಂದು ಕುಡಿದು ಎಲ್ಲ ಅಲ್ಲೇ ಬಿಟ್ಟು ಹೋಗಿದ್ದರು. ಆ ಗಾಜಿನ ಮೇಲೆ ಕಾಲಿಡುವ ದನಕರುಗಳಿಗೆ ಇವರು ಏನು ಉತ್ತರ ಕೊಡುತ್ತಾರೋ!

ಒಂದೊಂದು ಮರ ಬಂದಾಗಲೂ ಭಾವ ಇಳಿಯುತ್ತಾರೆ. ಸೊಂಟದ ಮೇಲೆ ಕೈ, ಪ್ರದಕ್ಷಿಣೆ, ಮೂಗು, ಫೋನು. ಅಕ್ಕ ಮೊದಲೆರಡು ಸಲ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಿದ್ದರು. ಆಮೇಲೆ ಬಾಗಿಲಿಗೂ ಕೈ ಹಾಕಲಿಲ್ಲ. ಹುಡುಗ ನಿದ್ದೆ ಹೋದ. ರೋಡ್ ಹಂಪು ಬಂದಾಗೆಲ್ಲ ಡಬರಿಯ ಮುಚ್ಚಳದ ಸಂದಿಯಿಂದ ಎಣ್ಣೆ ಜಿನುಗಿ ನನ್ನ ಮಂಡಿ ಕಡೆ ಇಳಿಯತೊಡಗಿತು.

ಗೌರಿಬಿದನೂರು ದಾಟಿ ವಿದುರಾಶ್ವತ್ಥ ಬಂತು. ನೆರಳಿದೆ, ನಲ್ಲಿ ನೀರಿದೆ, ಪಿನಾಕಿನಿ ಪಕ್ಕದಲ್ಲೇ ಇದೆ. ಇಲ್ಲೇ ಕೂರೋಣ ಅಂದೆ. "1938ರ ಏಪ್ರಿಲ್ 25ಕ್ಕೆ ಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆದ ಜಾಗ ಇದು. ಇಲ್ಲಿ ಕೈ ಮುಗೀಬೇಕು, ಬೋಂಡಾ ತಿನ್ನೋದಲ್ಲ" ಅಂದರು. ಇಡೀ ದಿನ ಅವರು ಕೊಟ್ಟ ಕಾರಣಗಳಲ್ಲಿ ನಾನು ಒಪ್ಪಿದ್ದು ಇದೊಂದೇ. ಹುತಾತ್ಮರ ಸ್ಮಾರಕಕ್ಕೆ ಕೈ ಮುಗಿದೆವು. ಅಮ್ಮ ನಾಗರಕಲ್ಲುಗಳಿಗೆ ಸುತ್ತು ಬಂದರು. ಮತ್ತೆ ಇನ್ನೊಂಚೂರು ಮುಂದೆ. ಅಷ್ಟರಲ್ಲಿ ನನ್ನ ಫೋನಿಗೆ ಆಂಧ್ರಪ್ರದೇಶಕ್ಕೆ ಸ್ವಾಗತ ಅಂತ ಮೆಸೇಜು ಬಂತು. ಹೀಗೇ ಬಿಟ್ಟಿದ್ದರೆ ಇನ್ನೊಂಚೂರು, ಇನ್ನೊಂಚೂರು ಅಂತ ಗಂಡಿಕೋಟಕ್ಕೇ ಕರೆದುಕೊಂಡು ಹೋಗುತ್ತಿದ್ದರೋ ಏನೋ. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, "ಹುಳಿ ಬಂತು" ಅಂದರು. ಎರಡೇ ಮಾತು. ಭಾವ ತೆಪ್ಪಗೆ ಕಾರು ತಿರುಗಿಸಿದರು.

ಒಂದು ಮಣ್ಣು ದಾರಿಯಲ್ಲಿ ಇಳಿಸಿ, ಜಾಲಿ ಗಿಡಗಳ ನಡುವೆ ಕೊನೆಗೂ ಒಂದು ಜಾಗ ಒಪ್ಪಿದರು. ತಗ್ಗಿನಲ್ಲಿ ಅಗಲವಾದ, ಸಮನಾದ ನೆಲ. ಜಮಖಾನ ಹಾಸಿದೆವು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟೆವು. ಭಾವನ ಮುಖದಲ್ಲಿ ಗೆದ್ದ ಕಳೆ. ಆದರೆ ನದಿ ಕಾಣುತ್ತಿಲ್ಲ. ಅಷ್ಟು ದೂರದಲ್ಲಿ ಒಬ್ಬ ಅಜ್ಜಿ ಮೇಕೆ ಮೇಯಿಸುತ್ತಿದ್ದರು. ಭಾವ ಹಣೆಗೆ ಕೈ ಅಡ್ಡ ಹಿಡಿದು ಕೂಗಿದರು: "ಅಜ್ಜೀ, ಇಲ್ಲಿಂದ ನದಿಗೆ ಎಷ್ಟು ದೂರ?"

ಅಜ್ಜಿ ಹತ್ತಿರ ಬಂದರು. ಭಾವನನ್ನು ನೋಡಿದರು. ಜಮಖಾನ ನೋಡಿದರು. ಬೋಂಡಾ ನೋಡಿದರು.

"ನದೀನಾ? ನದಿ ಮಧ್ಯದಾಗೇ ಕುಂತಿದ್ದೀರಲ್ಲ ಸಾಮಿ."

ಯಾರೂ ಮಾತಾಡಲಿಲ್ಲ. ಹುಡುಗ ಮಾತ್ರ ಜಮಖಾನದ ಅಂಚು ಎತ್ತಿ ಕೆಳಗೆ ಬಗ್ಗಿ ನೋಡಿದ. ಭಾವ ಸಾವರಿಸಿಕೊಂಡು, "ನೀರಿನ ಹತ್ತಿರ ಕೂರಿಸ್ತೀನಿ ಅಂದಿದ್ದೆ, ನದಿ ಒಳಗೇ ಕೂರಿಸಿದೆ ನೋಡಿ" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಆದ್ರೂ ದಡ ಅಂದ್ರೆ ದಡ. ಇನ್ನೊಂಚೂರು..." ಅನ್ನುತ್ತಾ ಎದ್ದೇಬಿಟ್ಟರು. ಅಕ್ಕ ಮೊಸರನ್ನದ ಸೌಟನ್ನು ಹಾಗೇ ಗಾಳಿಯಲ್ಲಿ ಹಿಡಿದು ಗಂಡನ ಮುಖ ನೋಡಿದರು. ಭಾವ ಕೂತರು. ಈ ಗಲಾಟೆಯಲ್ಲಿ ಒಂದು ಮೇಕೆ ಬೋಂಡಾ ಡಬ್ಬಿಗೆ ಬಾಯಿ ಹಾಕಿತ್ತು. ಅದಕ್ಕೆ ಜಾಗದ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಊಟ ಮಾಡುವಾಗ ಅಮ್ಮ ಬೆರಳಿನಿಂದ ನೆಲ ಗೀರುತ್ತಾ ಕೂತಿದ್ದರು. ಅವರ ತವರು ಇದೇ ಗೌರಿಬಿದನೂರು ಕಡೆ. ಚಿಕ್ಕವರಿದ್ದಾಗ ಬಿಂದಿಗೆ ಹಿಡಿದು ಹೊಳೆಗೆ ಬರುತ್ತಿದ್ದರಂತೆ. ಬೇಸಿಗೆಯಲ್ಲೂ ಮರಳಲ್ಲಿ ಮೊಣಕೈ ಮುಳುಗುವಷ್ಟು ತೋಡಿದರೆ ಒರತೆ. ನೀರು ತಿಳಿಯಾಗುವ ತನಕ ಸುಮ್ನೆ ಕೂತು ಹರಟೆ, ಆಮೇಲೆ ತೆಂಗಿನ ಚಿಪ್ಪಿನಲ್ಲಿ ಮೊಗೆದು ತುಂಬುವುದು. ಆ ಮರಳೆಲ್ಲ ಲಾರಿ ಹತ್ತಿ ಬೆಂಗಳೂರಿನ ಗೋಡೆಗಳಾಯಿತು. ಸುತ್ತ ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದವು. 2021ರ ನವೆಂಬರ್ ಮಳೆಗೆ ಹೊಳೆ ಬಂದಾಗ ಜನ ಸೇತುವೆ ಮೇಲೆ ಸಾಲಾಗಿ ನಿಂತು ನೋಡಿದರು. ಅಮ್ಮನೂ ಹೋಗಿ ಅರಿಶಿನ ಕುಂಕುಮ ಹಾಕಿ ಬಂದಿದ್ದರು. ಈಗ ಅವರ ಬೆರಳಿಗೆ ಸಿಕ್ಕಿದ್ದು ಗಟ್ಟಿ ಮಣ್ಣು, ಒಂದು ಜಾಲಿ ಮುಳ್ಳು. ಮುಳ್ಳನ್ನು ಯಾರ ಕಾಲಿಗೂ ಸಿಗದ ಹಾಗೆ ದೂರ ಎಸೆದು, "ಉಪ್ಪಿನಕಾಯಿ ಕೊಡೋ" ಅಂದರು.

ವಾಪಸ್ ಬರುವಾಗ ದಾರಿ ಪಕ್ಕದ ಒಂದು ಕೆರೆಯ ಮುಂದೆ ಭಾವ ನಮ್ಮನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದರು. ರಾತ್ರಿ ಅದು ಫ್ಯಾಮಿಲಿ ಗ್ರೂಪಿನಲ್ಲಿ ಬಂತು: "ಪಿನಾಕಿನಿ ತೀರದಲ್ಲಿ ಕುಟುಂಬದೊಂದಿಗೆ." ಹತ್ತು ನಿಮಿಷದಲ್ಲಿ ಹೃದಯ, ಹೂವು, ಚಪ್ಪಾಳೆ. ಯಲಹಂಕದ ಚಿಕ್ಕಪ್ಪ ಲೊಕೇಶನ್ ಕೇಳಿದರು. ಮುಂದಿನ ಭಾನುವಾರ ಅವರ ಮನೆಯವರೆಲ್ಲ ಬರುತ್ತಾರಂತೆ, ಮಕ್ಕಳು ನೀರಾಟ ಆಡಬೇಕಂತೆ, ಈಜುವ ಟ್ಯೂಬು ತರಲಾ ಅಂತ ಬೇರೆ ಕೇಳಿದ್ದಾರೆ.

ಮೆಸೇಜನ್ನು ಅಮ್ಮನಿಗೆ ಓದಿ ಹೇಳಿದೆ.

"ಟ್ಯೂಬು ತರ್ಲಿ ಬಿಡು" ಅಂದರು. "ಜೊತೆಗೆ ಒಂದು ಟ್ಯಾಂಕರ್ ನೀರೂ ತರೋಕೆ ಹೇಳು."